ಸಿಲಿಕಾನ್, ಸಿಲಿಕಾನ್ ಕಾರ್ಬೈಡ್, ಗ್ಯಾನ್: ನಿಮ್ಮ ಪರಿವರ್ತಕಕ್ಕೆ ಯಾವ ಸ್ವಿಚ್?

ಹಳೆಯ ಬೋರ್ಡಿನ ಸಿಲಿಕಾನ್ ಮಾಸ್‌ಫೆಟ್ (ಕರೆಂಟನ್ನು ಆನ್ ಆಫ್ ಮಾಡುವ ಟ್ರಾನ್ಸಿಸ್ಟರ್ ಸ್ವಿಚ್) ಕಿತ್ತು, ಅದೇ ಮೂರು ಕಾಲಿನ ಸಿಲಿಕಾನ್ ಕಾರ್ಬೈಡ್ ಮಾಸ್‌ಫೆಟ್ ಕೂರಿಸಿ ನೋಡಿದ ಅನೇಕರಿಗೆ ನಿರಾಸೆಯಾಗುತ್ತದೆ. ದಕ್ಷತೆ ಏರುವುದಿಲ್ಲ, ಕೆಲವೊಮ್ಮೆ ಹೊಸ ಭಾಗ ಹಳೆಯದಕ್ಕಿಂತ ಹೆಚ್ಚು ಬಿಸಿಯಾಗುತ್ತದೆ. ತಪ್ಪು ಭಾಗದ್ದಲ್ಲ. ಸ್ವಿಚ್ಚಿನ ಗೇಟ್ ಎಂಬ ನಿಯಂತ್ರಣ ಕಾಲಿಗೆ ಹಳೆಯ ಗೇಟ್ ಡ್ರೈವರ್ ಕೊಡುತ್ತಿರುವುದು 12 ವೋಲ್ಟ್, ಹೊಸ ಭಾಗಕ್ಕೆ ಬೇಕಾದದ್ದು 15ರಿಂದ 18. ಅಷ್ಟು ಸಿಗದಿದ್ದಾಗ ಕರೆಂಟ್ ಹರಿಯುವ ಚಾನೆಲ್ ಅರೆಬರೆ ತೆರೆದಿರುತ್ತದೆ. ಆ ಸ್ಥಿತಿಯಲ್ಲಿ ಬಿಸಿ ಏರಿದಂತೆ ರೋಧ ಇಳಿಯುವುದೂ ಉಂಟು. ಹಾಗಾಗಿ ಚಿಪ್‌ನ ಬಿಸಿಯಾದ ಮೂಲೆಯೇ ಇನ್ನಷ್ಟು ಕರೆಂಟ್ ಎಳೆದುಕೊಂಡು ಸುಟ್ಟುಹೋಗುತ್ತದೆ.

ಆದ್ದರಿಂದ ಈ ಹೋಲಿಕೆಯಲ್ಲಿ ಯಾವ ವಸ್ತು ಶ್ರೇಷ್ಠ ಎಂಬ ಪ್ರಶ್ನೆಯನ್ನು ಬದಿಗಿಡೋಣ. ನಿಮ್ಮ ಬಸ್ ವೋಲ್ಟೇಜ್ (ಸ್ವಿಚ್ಚುಗಳಿಗೆ ಸಿಗುವ ಮುಖ್ಯ ಡಿಸಿ ವೋಲ್ಟೇಜ್), ಆವರ್ತನ ಮತ್ತು ಲೋಡ್‌ಗೆ ಯಾವುದು ಹೊಂದುತ್ತದೆ, ಅದರ ಸುತ್ತ ಎಂಥ ಡ್ರೈವರ್ ಮತ್ತು ಲೇಔಟ್ ಕಟ್ಟಲು ನೀವು ಸಿದ್ಧ ಎಂಬುದರ ಮೇಲೆ ಆಯ್ಕೆ ನಿಂತಿದೆ. ಕಣದಲ್ಲಿರುವವು ನಾಲ್ಕು: ಸಿಲಿಕಾನ್ ಐಜಿಬಿಟಿ (ಹೆಚ್ಚಿನ ವೋಲ್ಟೇಜ್ ತಡೆಯುವ, ಆದರೆ ನಿಧಾನವಾದ ಟ್ರಾನ್ಸಿಸ್ಟರ್), ಸಿಲಿಕಾನ್ ಸೂಪರ್‌ಜಂಕ್ಷನ್ ಮಾಸ್‌ಫೆಟ್ (ಹೆಚ್ಚಿನ ವೋಲ್ಟೇಜಿಗೆಂದು ರೂಪಿಸಿದ ಮಾಸ್‌ಫೆಟ್), ಸಿಲಿಕಾನ್ ಕಾರ್ಬೈಡ್ ಮಾಸ್‌ಫೆಟ್ ಮತ್ತು ಗ್ಯಾಲಿಯಂ ನೈಟ್ರೈಡ್, ಅಂದರೆ ಎಲ್ಲರೂ ಗ್ಯಾನ್ ಎನ್ನುವ ಟ್ರಾನ್ಸಿಸ್ಟರ್.

ವ್ಯತ್ಯಾಸ ಹುಟ್ಟುವುದು ಎಲ್ಲಿ

ಸಿಲಿಕಾನ್‌ನ ಬ್ಯಾಂಡ್‌ಗ್ಯಾಪ್, ಅಂದರೆ ಎಲೆಕ್ಟ್ರಾನನ್ನು ಬಿಡಿಸಿ ಹರಿಯುವಂತೆ ಮಾಡಲು ಬೇಕಾದ ಶಕ್ತಿ, 1.12 ಎಲೆಕ್ಟ್ರಾನ್‌ವೋಲ್ಟ್. ಸಿಲಿಕಾನ್ ಕಾರ್ಬೈಡ್‌ನದು 3.26, ಗ್ಯಾನ್‌ನದು 3.4. ಬ್ಯಾಂಡ್‌ಗ್ಯಾಪ್ ಅಗಲವಾದಷ್ಟೂ ವಸ್ತು ಬಿರಿಯದೆ ತಡೆಯಬಲ್ಲ ವಿದ್ಯುತ್ ಕ್ಷೇತ್ರ ಹೆಚ್ಚು. ಸಿಲಿಕಾನ್‌ಗೆ ಹೋಲಿಸಿದರೆ ಉಳಿದೆರಡರಲ್ಲೂ ಅದು ಸುಮಾರು ಹತ್ತು ಪಟ್ಟು. ಹಾಗಾಗಿ ಅಷ್ಟೇ ವೋಲ್ಟೇಜ್ ತಡೆಯಲು ಹತ್ತನೇ ಒಂದು ಭಾಗ ದಪ್ಪದ ಪದರ ಸಾಕು, ಆ ಪದರದಲ್ಲಿ ಡೋಪಿಂಗ್ (ವಾಹಕತೆಗಾಗಿ ಬೆರೆಸುವ ಅನ್ಯ ಪರಮಾಣುಗಳು) ಕೂಡ ಬಹಳ ಹೆಚ್ಚಿಸಬಹುದು. ಐಜಿಬಿಟಿಯನ್ನು ರೂಪಿಸಿದ ಬಿ. ಜಯಂತ್ ಬಾಳಿಗ ಅವರು 1982ರಲ್ಲಿ ಕೊಟ್ಟ ಅಳತೆಗೋಲಿನಲ್ಲಿ ಈ ಕ್ಷೇತ್ರ ಮೂರನೇ ಘಾತದಲ್ಲಿ ಬರುತ್ತದೆ. ವಾಹಕ ಪದರದ ರೋಧ ನೂರಾರು ಪಟ್ಟು ಇಳಿಯಬಹುದೆಂಬ ಲೆಕ್ಕ ಅಲ್ಲಿಂದ ಬಂದದ್ದು. (2024ರ ಮಿಲೆನಿಯಂ ಟೆಕ್ನಾಲಜಿ ಪ್ರಶಸ್ತಿ ಅವರಿಗೆ ಸಂದಿತು. ಈ ಕ್ಷೇತ್ರದಲ್ಲಿ ಕೆಲಸ ಮಾಡುವ ಯಾರಿಗೂ ಅದು ಸಂತೋಷದ ಸುದ್ದಿ.)

ಕೈಗೆ ಬರುವ ಭಾಗದಲ್ಲಿ ಅಷ್ಟೂ ಲಾಭ ಸಿಗುವುದಿಲ್ಲ. ಸಿಲಿಕಾನ್ ಕಾರ್ಬೈಡ್‌ನಲ್ಲಿ ಗೇಟ್ ಆಕ್ಸೈಡ್ ಅಂಟಿಕೊಂಡಿರುವ ಅಂಚಿನಲ್ಲಿ ದೋಷಗಳು ಹೆಚ್ಚು, ಅಲ್ಲಿ ಎಲೆಕ್ಟ್ರಾನ್‌ಗಳು ತಡವರಿಸುತ್ತವೆ. 650 ವೋಲ್ಟಿನ ಭಾಗಗಳಲ್ಲಿ ಒಟ್ಟು ರೋಧದ ದೊಡ್ಡ ಪಾಲು ಈ ಚಾನೆಲ್‌ನದೇ. ಗ್ಯಾನ್‌ನಲ್ಲಿ ಕರೆಂಟ್ ಮೇಲ್ಮೈಗೆ ಸಮಾನಾಂತರವಾಗಿ, ಅಲ್ಯೂಮಿನಿಯಂ ಗ್ಯಾಲಿಯಂ ನೈಟ್ರೈಡ್ ಪದರದ ಅಡಿಯಲ್ಲಿ ತಾನಾಗಿ ರೂಪುಗೊಳ್ಳುವ ತೆಳು ಎಲೆಕ್ಟ್ರಾನ್ ಹಾಳೆಯಲ್ಲಿ ಹರಿಯುತ್ತದೆ. ಅಲ್ಲಿ ಚಲನಶೀಲತೆ ಬಹಳ ಹೆಚ್ಚು. ಆದರೆ ಆ ಪದರವನ್ನು ಬೆಳೆಸುವುದು ಸಾಮಾನ್ಯವಾಗಿ ಸಿಲಿಕಾನ್ ತಟ್ಟೆಯ (ವೇಫರ್) ಮೇಲೆ. ಎರಡರ ಹರಳಿನ ಅಳತೆಯಲ್ಲಿ ಸುಮಾರು 17 ಶೇಕಡಾ ವ್ಯತ್ಯಾಸವಿರುವುದರಿಂದ ನಡುವೆ ದಪ್ಪನೆಯ ಬಫರ್ ಬೇಕು. ಗ್ಯಾನ್ ಭಾಗಗಳು ಬಹುತೇಕ 650 ವೋಲ್ಟಿನ ಆಸುಪಾಸಿನಲ್ಲಿ ನಿಂತಿರುವುದಕ್ಕೆ ಈ ಬಫರ್ ಒಂದು ಮುಖ್ಯ ಕಾರಣ.

ಮೊದಲು ಬಸ್ ವೋಲ್ಟೇಜ್ ಬರೆದುಕೊಳ್ಳಿ

48 ವೋಲ್ಟ್ ಮತ್ತು ಅದರ ಕೆಳಗೆ ಸಿಲಿಕಾನ್ ಇನ್ನೂ ಗಟ್ಟಿ ಆಯ್ಕೆ. ಅರ್ಧ ಮೆಗಾಹರ್ಟ್ಸ್ ದಾಟಿದಾಗ, ಇಲ್ಲವೇ ಜಾಗ ತೀರಾ ಕಡಿಮೆಯಿದ್ದಾಗ 100 ವೋಲ್ಟಿನ ಗ್ಯಾನ್ ಕಡೆ ನೋಡಿ. 400 ವೋಲ್ಟ್ ಬಸ್‌ಗೆ 650 ವೋಲ್ಟಿನ ಭಾಗ ಬೇಕು. ಆಯ್ಕೆ ನಿಜಕ್ಕೂ ಕಷ್ಟವಾಗುವುದು ಇಲ್ಲೇ, ಏಕೆಂದರೆ ನಾಲ್ಕೂ ಬಗೆ ಇಲ್ಲಿ ಸಿಗುತ್ತವೆ. 800 ವೋಲ್ಟ್ ಬಸ್‌ಗೆ 1200 ವೋಲ್ಟಿನ ಭಾಗ ಬೇಕು, ಅಲ್ಲಿ ಪೈಪೋಟಿ ಐಜಿಬಿಟಿ ಮತ್ತು ಸಿಲಿಕಾನ್ ಕಾರ್ಬೈಡ್ ನಡುವೆ. ಮೂರು ವೋಲ್ಟೇಜ್ ಮಟ್ಟದ (ತ್ರೀ ಲೆವೆಲ್) ಸರ್ಕೀಟ್ ಕಟ್ಟಿದರೆ ಪ್ರತಿ ಸ್ವಿಚ್ಚಿಗೆ ಅರ್ಧ ವೋಲ್ಟೇಜ್ ಮಾತ್ರ ಬೀಳುವುದರಿಂದ 650 ವೋಲ್ಟಿನ ಗ್ಯಾನ್ ಕೂಡ 800 ವೋಲ್ಟ್ ಬಸ್‌ಗೆ ಬಳಕೆಯಾಗುತ್ತದೆ. ಆದರೆ ಸ್ವಿಚ್ಚುಗಳ ಸಂಖ್ಯೆ, ಡ್ರೈವರ್‌ಗಳ ಸಂಖ್ಯೆ ಮತ್ತು ನಡುಬಿಂದುವಿನ ಸಮತೋಲನದ ಚಿಂತೆ ಹೆಚ್ಚುತ್ತವೆ. 3.3 ಕಿಲೋವೋಲ್ಟಿಗೂ ಸಿಲಿಕಾನ್ ಕಾರ್ಬೈಡ್ ಸಿಗುತ್ತದೆ. 6.5 ಕಿಲೋವೋಲ್ಟಿನ ದೊಡ್ಡ ಮಾಡ್ಯೂಲ್‌ಗಳಲ್ಲಿ ಐಜಿಬಿಟಿಯದೇ ಹಿಡಿತ.

ಭಾಗದ ರೇಟಿಂಗ್ ಮತ್ತು ಬಸ್ ನಡುವೆ ಇಷ್ಟು ಅಂತರ ಯಾಕೆ? ಸ್ವಿಚ್ ಆಫ್ ಆದಾಗ ಏಳುವ ವೋಲ್ಟೇಜ್ ಶಿಖರ ಒಂದು ಕಾರಣ, ಕಾಸ್ಮಿಕ್ ಕಿರಣಗಳು ಇನ್ನೊಂದು. ರೇಟಿಂಗ್‌ಗೆ ಹತ್ತಿರದ ವೋಲ್ಟೇಜನ್ನು ದಿನಗಟ್ಟಲೆ ಹೊತ್ತು ನಿಂತ ಭಾಗಕ್ಕೆ ಒಂದು ನ್ಯೂಟ್ರಾನ್ ಬಡಿದರೂ ಅದು ಸುಡಬಹುದು. ಎತ್ತರದ ಪ್ರದೇಶದಲ್ಲಿ ಈ ಅಪಾಯ ಹೆಚ್ಚು. ಗ್ಯಾನ್‌ಗೆ ಮೂರನೆಯ ಕಾರಣವೂ ಇದೆ: ಸಿಲಿಕಾನ್‌ಗೂ ಸಿಲಿಕಾನ್ ಕಾರ್ಬೈಡ್‌ಗೂ ಇರುವ ಅವಲಾಂಚ್ ತಾಳಿಕೆ ಸಾಮಾನ್ಯ ಗ್ಯಾನ್ ಟ್ರಾನ್ಸಿಸ್ಟರ್‌ಗೆ ಇಲ್ಲ. ಮಿತಿ ಮೀರಿದ ವೋಲ್ಟೇಜನ್ನು ಅದು ಶಾಖವಾಗಿ ನುಂಗಿಕೊಳ್ಳದೆ ನೇರವಾಗಿ ಸೀಳಿಹೋಗುತ್ತದೆ. ಹಾಗಾಗಿ ತಯಾರಕರು ನಿರಂತರ ರೇಟಿಂಗ್‌ಗಿಂತ ಮೇಲೆ ಒಂದು ಕ್ಷಣಿಕ ರೇಟಿಂಗ್ ಕೊಟ್ಟಿರುತ್ತಾರೆ. ಡೇಟಾಶೀಟಿನಲ್ಲಿ ಅದನ್ನು ಹುಡುಕಿ ಓದಿ.

ವಹನ ನಷ್ಟ: ಪೂರ್ಣ ಲೋಡ್ ನೋಡಿ ಮೋಸಹೋಗಬೇಡಿ

400 ವೋಲ್ಟ್ ಬಸ್, 20 ಆಂಪಿಯರ್ ಇಟ್ಟುಕೊಂಡು ಲೆಕ್ಕ ಹಾಕೋಣ. ಐಜಿಬಿಟಿಯಲ್ಲಿ 1.6 ವೋಲ್ಟ್ ಬೀಳುತ್ತದೆ ಎಂದರೆ ಆನ್ ಇರುವಷ್ಟು ಹೊತ್ತು 32 ವ್ಯಾಟ್. 50 ಮಿಲಿಓಮ್‌ನ ಯಾವುದೇ ಫೆಟ್‌ನಲ್ಲಿ (ಉಳಿದ ಮೂರೂ ಬಗೆ ಈ ಗುಂಪಿನವು) 20 ವ್ಯಾಟ್. ವ್ಯತ್ಯಾಸವಿದೆ, ಆದರೆ ಅದೇನೂ ಅಗಾಧವಲ್ಲ. ಈಗ ಕರೆಂಟ್ 5 ಆಂಪಿಯರ್‌ಗೆ ಇಳಿಸಿ. ಐಜಿಬಿಟಿಯ ಆರಂಭಿಕ ವೋಲ್ಟೇಜ್ ಪಾತ ಹಾಗೇ ಉಳಿಯುವುದರಿಂದ ಸುಮಾರು 1.1 ವೋಲ್ಟ್, ಅಂದರೆ 5.5 ವ್ಯಾಟ್. ಫೆಟ್‌ನಲ್ಲಿ ವರ್ಗದ ಲೆಕ್ಕ, ಬರೀ 1.25 ವ್ಯಾಟ್. ವಿದ್ಯುತ್ ಕಾರು ಬಹುಪಾಲು ಸಮಯ ಓಡುವುದು ಇಂಥ ಹಗುರ ಲೋಡಿನಲ್ಲೇ. 2017ರಲ್ಲಿ ಟೆಸ್ಲಾ ಮಾಡೆಲ್ 3 ಕಾರಿನ ಮುಖ್ಯ ಇನ್ವರ್ಟರ್‌ಗೆ ಸಿಲಿಕಾನ್ ಕಾರ್ಬೈಡ್ ಬಂದದ್ದರ ಹಿಂದೆ ಈ ಲೆಕ್ಕವಿದೆ: ಅಷ್ಟೇ ದೂರಕ್ಕೆ ಸಣ್ಣ ಬ್ಯಾಟರಿ. ಸದಾ ಪೂರ್ಣ ಲೋಡಿನಲ್ಲಿ, ನಿಧಾನ ಆವರ್ತನದಲ್ಲಿ ಓಡುವ ಪಂಪಿಗೆ ಆ ಲಾಭ ಇಲ್ಲ.

ಫೆಟ್‌ಗಳನ್ನು ತಮ್ಮತಮ್ಮಲ್ಲೇ ಹೋಲಿಸುವಾಗ 25 ಡಿಗ್ರಿಯ ಅಂಕಿಯನ್ನು ನಂಬಬೇಡಿ. 150 ಡಿಗ್ರಿಯಲ್ಲಿ ಗ್ಯಾನ್‌ನ ರೋಧ 2ರಿಂದ 2.5 ಪಟ್ಟಾಗುತ್ತದೆ. ಸೂಪರ್‌ಜಂಕ್ಷನ್‌ನದೂ ಹೆಚ್ಚುಕಡಿಮೆ ಹಾಗೆಯೇ. ಸಿಲಿಕಾನ್ ಕಾರ್ಬೈಡ್‌ನದು ಸಾಮಾನ್ಯವಾಗಿ 1.3ರಿಂದ 1.8 ಪಟ್ಟು ಮಾತ್ರ. ಮೇಲಿನ 50 ಮಿಲಿಓಮ್ ಬಿಸಿಯಾದಾಗ ಗ್ಯಾನ್‌ನಲ್ಲಿ 100 ದಾಟುತ್ತದೆ, ಸಿಲಿಕಾನ್ ಕಾರ್ಬೈಡ್‌ನಲ್ಲಿ 70ರ ಸುತ್ತ ನಿಲ್ಲಬಹುದು. ತಂಪಾಗಿಡಲು ಕಷ್ಟವಿರುವ ಪೆಟ್ಟಿಗೆಗೆ ಸಿಲಿಕಾನ್ ಕಾರ್ಬೈಡ್ ಮೊದಲ ಆಯ್ಕೆಯಾಗುವುದು ಇದರಿಂದ.

ಗ್ಯಾನ್‌ಗೆ ಇನ್ನೊಂದು ಗುಟ್ಟಿನ ರೋಧವೂ ಇದೆ. ಆಫ್ ಇದ್ದಾಗ ಬಿದ್ದ ಹೆಚ್ಚಿನ ವೋಲ್ಟೇಜಿನಿಂದ ಕೆಲವು ಎಲೆಕ್ಟ್ರಾನ್‌ಗಳು ಬಫರ್‌ನಲ್ಲೂ ಮೇಲ್ಮೈಯಲ್ಲೂ ಸಿಕ್ಕಿಹಾಕಿಕೊಳ್ಳುತ್ತವೆ. ಮತ್ತೆ ಆನ್ ಆದಾಗ ಅವು ತಕ್ಷಣ ಬಿಡುಗಡೆಯಾಗದೆ ಚಾನೆಲ್ಲನ್ನು ಅಮುಕುತ್ತವೆ. ಅದರಿಂದ ಸ್ವಿಚಿಂಗ್ ನಡೆಯುವಾಗಿನ ರೋಧ ಡಿಸಿಯಲ್ಲಿ ಅಳೆದದ್ದಕ್ಕಿಂತ ಹೆಚ್ಚಿರುತ್ತದೆ. ಈಚಿನ ಭಾಗಗಳಲ್ಲಿ ಇದು ಬಹಳ ಕಡಿಮೆಯಾಗಿದೆ, ಆದರೂ ನಿಮ್ಮ ವೋಲ್ಟೇಜ್ ಮತ್ತು ಆವರ್ತನದಲ್ಲಿ ಅಳೆದು ನೋಡುವುದೇ ಸರಿ. ಇದನ್ನು ಅಳೆಯುವ ಕ್ರಮವನ್ನು ಅರೆವಾಹಕ ಮಾನಕಗಳನ್ನು ರೂಪಿಸುವ ಜೆಡೆಕ್ ಸಂಸ್ಥೆಯ ಜೆಸಿ-70 ಸಮಿತಿ ನಿಗದಿ ಮಾಡಿದೆ.

ಸ್ವಿಚಿಂಗ್ ನಷ್ಟ: ಆವರ್ತನ ಎಲ್ಲಿ ತೀರ್ಪು ಕೊಡುತ್ತದೆ

ಅದೇ 400 ವೋಲ್ಟ್, 20 ಆಂಪಿಯರ್. ಒಂದು ಚಕ್ರದ ನಷ್ಟ ಸ್ಥೂಲವಾಗಿ ವೋಲ್ಟೇಜ್, ಕರೆಂಟ್ ಮತ್ತು ಬದಲಾವಣೆಯ ಒಟ್ಟು ಸಮಯ ಇವುಗಳ ಗುಣಲಬ್ಧದ ಅರ್ಧ. ಐಜಿಬಿಟಿಗೆ ಬಾಲದ ಕರೆಂಟ್ (ಆಫ್ ಮಾಡಿದ ಮೇಲೂ ಸ್ವಲ್ಪ ಹೊತ್ತು ಹರಿಯುವುದು) ಸೇರಿ 300 ನ್ಯಾನೋಸೆಕೆಂಡ್ ಎಂದಿಟ್ಟರೆ 1.2 ಮಿಲಿಜೂಲ್. 16 ಕಿಲೋಹರ್ಟ್ಸ್‌ನಲ್ಲಿ 19 ವ್ಯಾಟ್, ಸಹಿಸಬಹುದು. 100 ಕಿಲೋಹರ್ಟ್ಸ್‌ನಲ್ಲಿ 120 ವ್ಯಾಟ್, ಸಾಧ್ಯವೇ ಇಲ್ಲ. ಒಟ್ಟು 40 ನ್ಯಾನೋಸೆಕೆಂಡ್‌ನಲ್ಲಿ ಬದಲಾಗುವ ಫೆಟ್‌ಗೆ 160 ಮೈಕ್ರೋಜೂಲ್, ಅಂದರೆ 100 ಕಿಲೋಹರ್ಟ್ಸ್‌ನಲ್ಲೂ 16 ವ್ಯಾಟ್.

ಹಾಗಾದರೆ ವೇಗದ ಸಿಲಿಕಾನ್ ಮಾಸ್‌ಫೆಟ್ ಸಾಲದೇ? ಅರ್ಧಸೇತುವೆಯಲ್ಲಿ (ಬಸ್ಸಿನ ಎರಡು ತುದಿಗಳ ನಡುವೆ ಒಂದರ ಮೇಲೊಂದು ನಿಂತ ಎರಡು ಸ್ವಿಚ್ಚುಗಳಲ್ಲಿ) ಹಾರ್ಡ್ ಸ್ವಿಚಿಂಗ್ ಇದ್ದರೆ, ಅಂದರೆ ಪೂರ್ಣ ವೋಲ್ಟೇಜ್ ಇರುವಾಗಲೇ ಆನ್ ಮಾಡುವುದಾದರೆ, ಸಾಲದು. ಸೂಪರ್‌ಜಂಕ್ಷನ್ ಮಾಸ್‌ಫೆಟ್‌ನ ಒಳಡಯೋಡ್ ಆಫ್ ಆಗುವಾಗ ಹಲವು ಮೈಕ್ರೋಕೂಲಂ ಚಾರ್ಜ್ ಹೊರಹಾಕುತ್ತದೆ. 5 ಮೈಕ್ರೋಕೂಲಂ ಎಂದಿಟ್ಟರೆ, 400 ವೋಲ್ಟಿನಲ್ಲಿ ಪ್ರತಿ ಚಕ್ರಕ್ಕೆ 2 ಮಿಲಿಜೂಲ್, 100 ಕಿಲೋಹರ್ಟ್ಸ್‌ನಲ್ಲಿ 200 ವ್ಯಾಟ್. ಏಸಿಯಿಂದ ಎಳೆಯುವ ಕರೆಂಟನ್ನು ತಿದ್ದುವ ಟೋಟೆಮ್ ಪೋಲ್ ಪವರ್ ಫ್ಯಾಕ್ಟರ್ ಸರ್ಕೀಟನ್ನು ನಿರಂತರ ಕರೆಂಟ್ ಕ್ರಮದಲ್ಲಿ ಸಿಲಿಕಾನ್‌ನಿಂದ ಕಟ್ಟಲಾಗದೆ ಇದ್ದದ್ದು ಇದೇ ಕಾರಣಕ್ಕೆ. ಸಿಲಿಕಾನ್ ಕಾರ್ಬೈಡ್‌ನಲ್ಲಿ ಆ ಚಾರ್ಜ್ 100 ನ್ಯಾನೋಕೂಲಂ ಆಸುಪಾಸು, ನಷ್ಟ 4 ವ್ಯಾಟ್. ಗ್ಯಾನ್‌ನಲ್ಲಿ ಒಳಡಯೋಡ್ ಇಲ್ಲವೇ ಇಲ್ಲ, ಚಾರ್ಜ್ ಸೊನ್ನೆ. ನಿಮ್ಮ ಸರ್ಕೀಟ್ ಟೋಟೆಮ್ ಪೋಲ್ ಆಗಿದ್ದರೆ ಸಿಲಿಕಾನನ್ನು ಪಟ್ಟಿಯಿಂದ ತೆಗೆದುಬಿಡಿ.

ಎಲ್‌ಎಲ್‌ಸಿ ಎಂಬ ಅನುರಣನ ಸರ್ಕೀಟಿನಂಥ ಸಾಫ್ಟ್ ಸ್ವಿಚಿಂಗ್ (ವೋಲ್ಟೇಜ್ ಸೊನ್ನೆಗೆ ಇಳಿದ ಮೇಲೆ ಆನ್ ಮಾಡುವ) ಸರ್ಕೀಟಿನಲ್ಲಿ ಚಿತ್ರ ಬೇರೆ. 100 ಕಿಲೋಹರ್ಟ್ಸ್ ಸುತ್ತ ಸೂಪರ್‌ಜಂಕ್ಷನ್ ಚೆನ್ನಾಗಿಯೇ ನಡೆಯುತ್ತದೆ. ಎಚ್ಚರ ಬೇಕಾದದ್ದು ಸ್ಟಾರ್ಟ್ ಆಗುವ ಮತ್ತು ಓವರ್‌ಲೋಡ್ ಆಗುವ ಕ್ಷಣಗಳಲ್ಲಿ. ಆಗ ಸಾಫ್ಟ್ ಸ್ವಿಚಿಂಗ್ ತಪ್ಪಿ, ಒಳಡಯೋಡ್ ಬಿರುಸಾಗಿ ಆಫ್ ಆಗಿ, ಮಾಸ್‌ಫೆಟ್ ಸುಡುತ್ತದೆ. 300 ಕಿಲೋಹರ್ಟ್ಸ್ ಮೀರಿದರೆ ಗ್ಯಾನ್ ಗೆಲ್ಲುತ್ತದೆ: ಔಟ್‌ಪುಟ್ ಧಾರಕತೆ ಕಡಿಮೆ, ಅದನ್ನು ಖಾಲಿ ಮಾಡಲು ಬೇಕಾದ ಸುತ್ತುಕರೆಂಟ್ ಕಡಿಮೆ, ಡೆಡ್‌ಟೈಮ್ (ಎರಡೂ ಸ್ವಿಚ್ ಆಫ್ ಇರುವ ನಡುವಿನ ಹೊತ್ತು) ಚಿಕ್ಕದು.

ಆವರ್ತನ ಏರಿಸಿದ ಮಾತ್ರಕ್ಕೆ ಎಲ್ಲವೂ ಕುಗ್ಗುವುದಿಲ್ಲ. ತಾಮ್ರದಲ್ಲಿ ಕರೆಂಟ್ ಇಳಿಯುವ ಆಳ 100 ಕಿಲೋಹರ್ಟ್ಸ್‌ಗೆ 0.21 ಮಿಲಿಮೀಟರ್, 1 ಮೆಗಾಹರ್ಟ್ಸ್‌ಗೆ 0.066. ದಪ್ಪ ತಂತಿ ವ್ಯರ್ಥ. ಫೆರೈಟ್ ನಷ್ಟವೂ ಏರುವುದರಿಂದ ಫ್ಲಕ್ಸ್ ಸಾಂದ್ರತೆ ಇಳಿಸಬೇಕಾಗುತ್ತದೆ. ಜೊತೆಗೆ, ತಂತಿಗಳ ಮೂಲಕ ಹೊರಹೋಗುವ ವಿದ್ಯುತ್ ಗದ್ದಲದ ಮಿತಿಗಳು ಸಾಮಾನ್ಯವಾಗಿ 150 ಕಿಲೋಹರ್ಟ್ಸ್‌ನಿಂದ ಶುರುವಾಗುತ್ತವೆ. 70ರಲ್ಲಿ ಸ್ವಿಚ್ ಮಾಡಿದರೆ ಎರಡನೇ ಹಾರ್ಮೋನಿಕ್ 140ಕ್ಕೆ ನಿಲ್ಲುತ್ತದೆ, 140ರಲ್ಲಿ ಮಾಡಿದರೆ ಮೂಲ ಆವರ್ತನವೇ ಮಿತಿಯ ಕೆಳಗಿರುತ್ತದೆ. 160 ಆರಿಸಿದರೆ ದೊಡ್ಡ ಫಿಲ್ಟರ್ ಕಟ್ಟಿ, ಉಳಿಸಿದ ಜಾಗವನ್ನೆಲ್ಲ ಅದಕ್ಕೇ ಕೊಡಬೇಕಾಗುತ್ತದೆ.

ಗೇಟ್: ಹೆಚ್ಚಿನ ಭಾಗಗಳು ಸಾಯುವ ಜಾಗ

ಐಜಿಬಿಟಿಗೆ 15 ವೋಲ್ಟ್, ಆಫ್‌ಗೆ ಸೊನ್ನೆಯಿಂದ ಮೈನಸ್ 15ರ ತನಕ. ತಪ್ಪು ಮಾಡಿದರೂ ಸಾಮಾನ್ಯವಾಗಿ ಕ್ಷಮಿಸುತ್ತದೆ.

ಸಿಲಿಕಾನ್ ಕಾರ್ಬೈಡ್‌ಗೆ ಪ್ಲಸ್ 15ರಿಂದ 18, ಆಫ್‌ಗೆ ಮೈನಸ್ 3ರಿಂದ 5. ಮೈನಸ್ ಯಾಕೆ ಎಂಬುದಕ್ಕೂ ಲೆಕ್ಕವಿದೆ. ನ್ಯಾನೋಸೆಕೆಂಡಿಗೆ 50 ವೋಲ್ಟ್ ಏರುವಾಗ 10 ಪಿಕೋಫ್ಯಾರಡ್‌ನ ಮಿಲ್ಲರ್ ಧಾರಕತೆಯ (ಡ್ರೇನ್ ಮತ್ತು ಗೇಟ್ ನಡುವಿನದು) ಮೂಲಕ ಅರ್ಧ ಆಂಪಿಯರ್ ಗೇಟಿಗೆ ನುಗ್ಗುತ್ತದೆ. ಹೊರಗಿನ 5 ಓಮ್, ಒಳಗಿನ 2 ಓಮ್ ಸೇರಿ 7 ಓಮ್‌ನಲ್ಲಿ ಅದು 3.5 ವೋಲ್ಟ್ ಎಬ್ಬಿಸುತ್ತದೆ. ಬಿಸಿಯಾದ ಭಾಗದ ಥ್ರೆಶೋಲ್ಡ್ (ಆನ್ ಆಗಲು ಶುರುವಾಗುವ ಗೇಟ್ ವೋಲ್ಟೇಜ್) 2 ವೋಲ್ಟಿಗೆ ಇಳಿದಿರಬಹುದು. ಆಫ್ ಇರಬೇಕಾದ ಸ್ವಿಚ್ ಆನ್ ಆಗಿ, ಎರಡೂ ಸೇರಿ ಬಸ್ಸನ್ನು ಶಾರ್ಟ್ ಮಾಡುತ್ತವೆ. ಆದರೆ ಮೈನಸ್ಸನ್ನು ಡೇಟಾಶೀಟ್ ಹೇಳಿದ್ದಕ್ಕಿಂತ ಆಳಕ್ಕೆ ಒಯ್ಯಬೇಡಿ. ಲಕ್ಷಕೋಟಿ ಸಲ ಮೈನಸ್‌ನಿಂದ ಪ್ಲಸ್‌ಗೆ ಹಾರಿದ ಗೇಟಿನ ಥ್ರೆಶೋಲ್ಡ್ ಮೆಲ್ಲಗೆ ಜರುಗುತ್ತದೆ, ರೋಧ ಹೆಚ್ಚುತ್ತದೆ. ಮಿಲ್ಲರ್ ಕ್ಲಾಂಪ್ (ಆಫ್ ಇದ್ದಾಗ ಗೇಟನ್ನು ಏಳದಂತೆ ಹಿಡಿದಿಡುವ ಸರ್ಕೀಟ್) ಇರುವ ಡ್ರೈವರ್ ಬಳಸಿ, ಮೈನಸ್ 3ರಲ್ಲೇ ನಿಲ್ಲುವುದು ನಾವು ಮೆಚ್ಚುವ ದಾರಿ.

ಗ್ಯಾನ್‌ನ ಎನ್‌ಹಾನ್ಸ್‌ಮೆಂಟ್ ಬಗೆಗೆ (ಗೇಟ್ ಸೊನ್ನೆಯಲ್ಲಿದ್ದಾಗ ಆಫ್ ಇರುವಂಥದ್ದು) ಪ್ಲಸ್ 5ರಿಂದ 6, ಹಲವು ಭಾಗಗಳಲ್ಲಿ ಗರಿಷ್ಠ ಮಿತಿ 7. ಒಂದು ವೋಲ್ಟ್ ಆಚೆ ಹೋದರೆ ಗೇಟ್ ಹಾಳು. ಥ್ರೆಶೋಲ್ಡ್ 1.1ರಿಂದ 1.7 ವೋಲ್ಟ್. ಗೇಟ್ ಲೂಪೂ ಪವರ್ ಲೂಪೂ ಹಂಚಿಕೊಳ್ಳುವ ಸೋರ್ಸ್ ದಾರಿಯಲ್ಲಿ ಒಂದೇ ಒಂದು ನ್ಯಾನೋಹೆನ್ರಿ ಇದ್ದರೂ, ನ್ಯಾನೋಸೆಕೆಂಡಿಗೆ 3 ಆಂಪಿಯರ್ ಬದಲಾದಾಗ ಅಲ್ಲಿ 3 ವೋಲ್ಟ್ ಹುಟ್ಟುತ್ತದೆ, ಅಂದರೆ ಥ್ರೆಶೋಲ್ಡ್‌ನ ಎರಡು ಪಟ್ಟು. ಆದ್ದರಿಂದ ಕೆಲ್ವಿನ್ ಸೋರ್ಸ್ ಪಾದವಿಲ್ಲದ (ಗೇಟ್ ಡ್ರೈವರ್‌ಗೆಂದೇ ಪ್ರತ್ಯೇಕ ಸೋರ್ಸ್ ಕಾಲಿಲ್ಲದ) ಪ್ಯಾಕೇಜಿನಲ್ಲಿ ಗ್ಯಾನ್ ಬಳಸಬೇಡಿ. ಸಿಲಿಕಾನ್ ಕಾರ್ಬೈಡ್‌ನಲ್ಲೂ ಮೂರು ಕಾಲಿನದಕ್ಕಿಂತ ನಾಲ್ಕು ಕಾಲಿನ ಪ್ಯಾಕೇಜ್ ಆರಿಸಿ. ಮೊದಲ ಸಲ ಗ್ಯಾನ್ ಕೈಗೆತ್ತಿಕೊಳ್ಳುವವರು ಡ್ರೈವರ್ ಒಳಗೇ ಸೇರಿಸಿದ ಭಾಗದಿಂದ ಶುರುಮಾಡಿದರೆ ಬಹಳ ನೋವು ತಪ್ಪುತ್ತದೆ. ಕ್ಯಾಸ್ಕೋಡ್ ಬಗೆಯಲ್ಲಿ ಕಡಿಮೆ ವೋಲ್ಟೇಜಿನ ಸಿಲಿಕಾನ್ ಮಾಸ್‌ಫೆಟ್ ಮುಂದೆ ನಿಲ್ಲುವುದರಿಂದ ಸಾಮಾನ್ಯ ಡ್ರೈವರ್ ಸಾಕು, ಬದಲಿಗೆ ಒಂದಿಷ್ಟು ರಿಕವರಿ ಚಾರ್ಜ್ (ಒಳಡಯೋಡ್ ಆಫ್ ಆಗುವಾಗ ಹೊರಹಾಕುವುದು) ಒಪ್ಪಿಕೊಳ್ಳಬೇಕು.

ಗ್ಯಾನ್‌ಗೆ ಮೈನಸ್ ಕೊಟ್ಟರೆ ಅದಕ್ಕೂ ಬೆಲೆ ತೆರಬೇಕು. ಡೆಡ್‌ಟೈಮ್‌ನಲ್ಲಿ ಅದು ಹಿಮ್ಮುಖವಾಗಿ ಒಯ್ಯುವಾಗಿನ ಪಾತಕ್ಕೆ ಆ ಮೈನಸ್ ಪೂರ್ತಿ ಸೇರಿಕೊಳ್ಳುತ್ತದೆ. ಪಾತ 5 ವೋಲ್ಟ್, ಕರೆಂಟ್ 20 ಆಂಪಿಯರ್, ಚಕ್ರಕ್ಕೆ ಎರಡು ಸಲ 100 ನ್ಯಾನೋಸೆಕೆಂಡ್ ಎಂದರೆ 500 ಕಿಲೋಹರ್ಟ್ಸ್‌ನಲ್ಲಿ 10 ವ್ಯಾಟ್. ಸೊನ್ನೆಯಲ್ಲಿ ಆಫ್ ಮಾಡಿ, ಪಾತ 2.5 ವೋಲ್ಟಿಗಿಳಿಸಿ, ಡೆಡ್‌ಟೈಮ್ 20 ನ್ಯಾನೋಸೆಕೆಂಡಿಗೆ ತಂದರೆ 1 ವ್ಯಾಟ್.

ಶಾರ್ಟ್ ಸರ್ಕೀಟ್ ಆದಾಗ ಐಜಿಬಿಟಿ ಸುಮಾರು 10 ಮೈಕ್ರೋಸೆಕೆಂಡ್ ತಾಳುತ್ತದೆ. ಸಿಲಿಕಾನ್ ಕಾರ್ಬೈಡ್ 2ರಿಂದ 3. ಗ್ಯಾನ್ ಅನೇಕ ಸಲ ಒಂದಕ್ಕಿಂತ ಕಡಿಮೆ. ಐಜಿಬಿಟಿಗೆಂದು ಹೊಂದಿಸಿದ ರಕ್ಷಣಾ ಸರ್ಕೀಟ್ ಸಿಲಿಕಾನ್ ಕಾರ್ಬೈಡ್ ಸುಟ್ಟ ಮೇಲೆ ಎಚ್ಚರಗೊಳ್ಳುತ್ತದೆ. ಐಸೊಲೇಟೆಡ್ ಡ್ರೈವರ್ ಆರಿಸುವಾಗ ನ್ಯಾನೋಸೆಕೆಂಡಿಗೆ 100 ವೋಲ್ಟ್ ಏರಿಕೆ ತಾಳುವಂಥದ್ದನ್ನೇ ಕೊಳ್ಳಿ. ಅದರ ವಿದ್ಯುತ್ ಪೂರೈಕೆಯ ಟ್ರಾನ್ಸ್‌ಫಾರ್ಮರ್‌ನ ಎರಡು ಸುರುಳಿಗಳ ನಡುವೆ 10 ಪಿಕೋಫ್ಯಾರಡ್ ಇದ್ದರೂ, ನ್ಯಾನೋಸೆಕೆಂಡಿಗೆ 50 ವೋಲ್ಟ್ ಏರಿಕೆಯಲ್ಲಿ ಅರ್ಧ ಆಂಪಿಯರ್ ಕಂಟ್ರೋಲರ್ ಕಡೆಗೆ ಹಾರಿ ಲಾಜಿಕ್ ಕೆಡಿಸುತ್ತದೆ.

ಲೇಔಟ್ ಮತ್ತು ಶಾಖ

10 ನ್ಯಾನೋಹೆನ್ರಿ ಲೂಪ್, ನ್ಯಾನೋಸೆಕೆಂಡಿಗೆ 5 ಆಂಪಿಯರ್: 50 ವೋಲ್ಟ್ ಶಿಖರ. ಐಜಿಬಿಟಿಗೆ ಇದು ಗಮನಕ್ಕೂ ಬರುವುದಿಲ್ಲ, 100 ವೋಲ್ಟಿನ ಗ್ಯಾನ್‌ಗೆ ಮಾರಕ. ಸೆರಾಮಿಕ್ ಕೆಪಾಸಿಟರ್‌ಗಳನ್ನು ಅರ್ಧಸೇತುವೆಗೆ ಒತ್ತಿ ಕೂರಿಸಿ. ಮರಳುವ ಕರೆಂಟನ್ನು ಬೋರ್ಡಿನ ಮೇಲ್ಪದರದ ನೇರ ಅಡಿಯಲ್ಲಿರುವ ಎರಡನೇ ಪದರದಲ್ಲಿ ತನ್ನಿ. ಎರಡು ಪದರದ ಬೋರ್ಡಿನಲ್ಲಿ 1.6 ಮಿಲಿಮೀಟರ್ ಅಂತರವಿರುತ್ತದೆ, ಅದು ತೀರಾ ಹೆಚ್ಚು. ನಾಲ್ಕು ಪದರದ್ದೇ ಬೇಕು.

ಸಿಲಿಕಾನ್ ಕಾರ್ಬೈಡ್ ಶಾಖವನ್ನು ಸಿಲಿಕಾನ್‌ಗಿಂತ ಎರಡು ಮೂರು ಪಟ್ಟು ಚೆನ್ನಾಗಿ ಒಯ್ಯುತ್ತದೆ. ಗ್ಯಾನ್ ಚಿಪ್ ಪುಟ್ಟದು, ಸಿಲಿಕಾನ್ ಮೇಲೆಯೇ ಕೂತಿದೆ. ಹಾಗಾಗಿ ವ್ಯಾಟ್ ಕಡಿಮೆಯಾದರೂ ಅವನ್ನು ಹೊರತೆಗೆಯುವ ಬಾಗಿಲೂ ಕಿರಿದು. ಮೇಲ್ಬದಿಯಿಂದ ತಂಪಾಗಿಸುವ ಪ್ಯಾಕೇಜ್ ಸಿಕ್ಕರೆ ಅದನ್ನೇ ಆರಿಸಿ. ಆಗ ಶಾಖ ಬೋರ್ಡಿನ ಮೂಲಕ ಹಾಯಬೇಕಿಲ್ಲ.

ಮೋಟರ್ ಓಡಿಸುವವರಿಗೆ ಬೇರೆಯೇ ಮಾತು

ಕೇಬಲ್‌ನಲ್ಲಿ ಅಲೆ ಮೈಕ್ರೋಸೆಕೆಂಡಿಗೆ ಸುಮಾರು 150 ಮೀಟರ್ ಸಾಗುತ್ತದೆ. 200 ನ್ಯಾನೋಸೆಕೆಂಡಿನಲ್ಲಿ ಏರುವ ಐಜಿಬಿಟಿಗೆ 15 ಮೀಟರ್ ತನಕ ಪ್ರತಿಫಲನದ ಪೂರ್ಣ ಏಟು ಬೀಳುವುದಿಲ್ಲ. 20 ನ್ಯಾನೋಸೆಕೆಂಡಿನ ಸಿಲಿಕಾನ್ ಕಾರ್ಬೈಡ್‌ಗೆ ಆ ದೂರ ಒಂದೂವರೆ ಮೀಟರ್. ಅದಕ್ಕಿಂತ ಉದ್ದವಾದರೆ ಮೋಟರ್ ತುದಿಯಲ್ಲಿ ಬಸ್‌ನ ಸುಮಾರು ಎರಡು ಪಟ್ಟು ವೋಲ್ಟೇಜ್ ಏಳುತ್ತದೆ, ಮೊದಲ ಕೆಲವು ಸುತ್ತುಗಳ ನಿರೋಧಕ ಬೇಗ ಸವೆಯುತ್ತದೆ, ಬೇರಿಂಗ್‌ನಲ್ಲಿ ಕರೆಂಟ್ ಹರಿದು ಕುಳಿ ಬೀಳುತ್ತದೆ. ಹಳೆಯ ಮೋಟರ್, ಉದ್ದ ಕೇಬಲ್ ಇದ್ದರೆ ಐಜಿಬಿಟಿಯೇ ಇರಲಿ. ಇಲ್ಲವಾದರೆ ಗೇಟ್ ರೋಧ ಹೆಚ್ಚಿಸಿ ಏರಿಕೆಯನ್ನು ನ್ಯಾನೋಸೆಕೆಂಡಿಗೆ 5 ವೋಲ್ಟಿಗೆ ಇಳಿಸಿ, ಅಥವಾ ಫಿಲ್ಟರ್ ಹಾಕಿ. ಇನ್ವರ್ಟರ್ ಮೋಟರ್ ಮೈಗೇ ಅಂಟಿದ್ದರೆ ಈ ಚಿಂತೆ ಬಹಳ ಕಡಿಮೆ.

ತೀರ್ಮಾನಕ್ಕೆ ಮುಂಚೆ ಡಬಲ್ ಪಲ್ಸ್ ಪರೀಕ್ಷೆ

ಎರಡು ಬಗೆಯ ಭಾಗಗಳ ನಡುವೆ ಮನಸ್ಸು ತೂಗುತ್ತಿದ್ದರೆ ಈ ಪರೀಕ್ಷೆ ಮಾಡಿ. 100 ಮೈಕ್ರೋಹೆನ್ರಿಯ ಗಾಳಿಕೋರ್ ಸುರುಳಿ, 400 ವೋಲ್ಟ್. ಮೊದಲ ಪಲ್ಸ್ 5 ಮೈಕ್ರೋಸೆಕೆಂಡ್ ಕೊಟ್ಟರೆ ಕರೆಂಟ್ 20 ಆಂಪಿಯರ್‌ಗೆ ಏರುತ್ತದೆ. ಆಫ್ ಮಾಡುವ ಆ ಕ್ಷಣದಲ್ಲಿ ಟರ್ನ್ ಆಫ್ ನಷ್ಟ ಅಳೆಯಿರಿ. ಒಂದು ಮೈಕ್ರೋಸೆಕೆಂಡ್ ಬಿಟ್ಟು ಮತ್ತೆ ಆನ್ ಮಾಡಿ, ಟರ್ನ್ ಆನ್ ನಷ್ಟ ಅಳೆಯಿರಿ. ಚಿಪ್ ಬಿಸಿಯಾಗಲು ಸಮಯವೇ ಇರುವುದಿಲ್ಲ. ಹಾಟ್‌ಪ್ಲೇಟ್ ಇಟ್ಟು 25, 100, 150 ಡಿಗ್ರಿಯಲ್ಲಿ ಪುನಃ ಮಾಡಿ.

ಇಲ್ಲಿ ಅಳತೆಯೇ ಮೋಸ ಮಾಡುತ್ತದೆ. 5 ನ್ಯಾನೋಸೆಕೆಂಡಿನ ಏರಿಕೆಗೆ 70 ಮೆಗಾಹರ್ಟ್ಸ್ ಬ್ಯಾಂಡ್‌ವಿಡ್ತ್ ಕನಿಷ್ಠ. ನಂಬುವಂತೆ ಕಾಣಬೇಕಾದರೆ 350. ಪ್ರೋಬಿನ 10 ಸೆಂಟಿಮೀಟರ್ ಗ್ರೌಂಡ್ ತಂತಿಯಲ್ಲೇ ಸುಮಾರು 100 ನ್ಯಾನೋಹೆನ್ರಿ ಇರುತ್ತದೆ. ತೆರೆಯ ಮೇಲಿನ ಕುಣಿತ ಸರ್ಕೀಟಿನದಲ್ಲ, ಆ ತಂತಿಯದು. ಅದನ್ನು ಕಿತ್ತು ಸ್ಪ್ರಿಂಗ್ ತುದಿ ಹಾಕಿ. ಕರೆಂಟಿಗೆ ಕೋಆಕ್ಸಿಯಲ್ ಷಂಟ್. ರೊಗೋವ್‌ಸ್ಕಿ ಸುರುಳಿ (ತಂತಿಯ ಸುತ್ತ ಹಾಕಿ ಕರೆಂಟ್ ಅಳೆಯುವಂಥದ್ದು) ಐಜಿಬಿಟಿಗೆ ಸರಿ, ಗ್ಯಾನ್‌ಗೆ ನಿಧಾನ. ವೋಲ್ಟೇಜ್ ಮತ್ತು ಕರೆಂಟ್ ಚಾನೆಲ್‌ಗಳ ನಡುವೆ 2 ನ್ಯಾನೋಸೆಕೆಂಡ್ ಹೊಂದಿಕೆ ತಪ್ಪಿದರೂ 400 ವೋಲ್ಟ್, 20 ಆಂಪಿಯರ್‌ನಲ್ಲಿ 16 ಮೈಕ್ರೋಜೂಲ್ ತಪ್ಪು ಬರಬಹುದು, ಮೇಲಿನ 160ರಲ್ಲಿ ಹತ್ತನೇ ಒಂದು. ಮೇಲಿನ ಸ್ವಿಚ್ಚಿನ ಗೇಟ್ ನೋಡಲು ಆಪ್ಟಿಕಲ್ ಐಸೊಲೇಷನ್ ಇರುವ ಪ್ರೋಬ್ ಬೇಕು. ಸಾಮಾನ್ಯ ಡಿಫರೆನ್ಷಿಯಲ್ ಪ್ರೋಬ್ ಆ ವೇಗದಲ್ಲಿ ಇಲ್ಲದ ವೋಲ್ಟೇಜ್ ತೋರಿಸುತ್ತದೆ.

ಪ್ರಯೋಗಾಲಯದಿಂದ ಬರುತ್ತಿರುವುದಕ್ಕೆ ಕಾಯಬೇಕೇ?

ಗ್ಯಾಲಿಯಂ ಆಕ್ಸೈಡ್‌ಗೆ ಸುಮಾರು 4.8, ವಜ್ರಕ್ಕೆ 5.5 ಎಲೆಕ್ಟ್ರಾನ್‌ವೋಲ್ಟ್ ಬ್ಯಾಂಡ್‌ಗ್ಯಾಪ್. ಮೊದಲನೆಯದು ಶಾಖ ಒಯ್ಯುವುದರಲ್ಲಿ ಸಿಲಿಕಾನ್‌ಗಿಂತಲೂ ಬಹಳ ಹಿಂದೆ, ಎರಡನೆಯದಕ್ಕೆ ದೊಡ್ಡ ತಟ್ಟೆಯೂ ಒಳ್ಳೆಯ ಡೋಪಿಂಗೂ ಕಷ್ಟ. ಈಗಿನ ವಿನ್ಯಾಸಕ್ಕೆ ಇವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಕಾದು ನೋಡಲು ಯೋಗ್ಯವಾದದ್ದು ದ್ವಿಮುಖ ಗ್ಯಾನ್ ಸ್ವಿಚ್. ಎರಡೂ ದಿಕ್ಕಿನ ವೋಲ್ಟೇಜ್ ತಡೆಯಲು ಬೆನ್ನಿಗೆ ಬೆನ್ನು ಕೊಟ್ಟ ಎರಡು ಟ್ರಾನ್ಸಿಸ್ಟರ್ ಬೇಕಿದ್ದಲ್ಲಿ, ಇದು ತಡೆಯುವ ಪದರವನ್ನು ಹಂಚಿಕೊಂಡು ಒಂದೇ ಚಿಪ್‌ನಲ್ಲಿ ಕೆಲಸ ಮುಗಿಸುತ್ತದೆ. ಏಸಿಯಿಂದ ನೇರವಾಗಿ ಒಂದೇ ಹಂತದಲ್ಲಿ ಪರಿವರ್ತಿಸುವ ಸರ್ಕೀಟುಗಳಿಗೆ ಇದು ದೊಡ್ಡ ಬಾಗಿಲು ತೆರೆದಿದೆ. 650 ವೋಲ್ಟ್ ವರ್ಗದಲ್ಲಿ ಭಾಗಗಳು ಹೊರಬಂದಿವೆ.

ಕಂಪ್ಯೂಟಿಂಗ್ ಕಡೆಯ ಒತ್ತಡವೂ ಈ ಕ್ಷೇತ್ರವನ್ನು ತಳ್ಳುತ್ತಿದೆ. 2025ರ ಮೇನಲ್ಲಿ ಎನ್‌ವಿಡಿಯಾ ಡೇಟಾ ಸೆಂಟರ್ ರ‍್ಯಾಕ್‌ಗಳಿಗೆ 800 ವೋಲ್ಟ್ ಡಿಸಿ ವಿನ್ಯಾಸ ಪ್ರಕಟಿಸಿತು. 1 ಮೆಗಾವ್ಯಾಟ್ ರ‍್ಯಾಕ್‌ಗೆ 54 ವೋಲ್ಟಿನಲ್ಲಿ 18,500 ಆಂಪಿಯರ್ ಬೇಕು, 800 ವೋಲ್ಟಿನಲ್ಲಿ 1,250. ಗ್ರಿಡ್ ಕಡೆಗೆ ಸಿಲಿಕಾನ್ ಕಾರ್ಬೈಡ್, ಬೋರ್ಡ್ ಹತ್ತಿರ 100 ವೋಲ್ಟಿನ ಗ್ಯಾನ್: ಒಂದೇ ಸರಪಳಿಯಲ್ಲಿ ಎರಡಕ್ಕೂ ಜಾಗವಿದೆ.

ತಟ್ಟೆಗಳು ದೊಡ್ಡದಾಗುತ್ತಿವೆ. ಸಿಲಿಕಾನ್ ಕಾರ್ಬೈಡ್ 150ರಿಂದ 200 ಮಿಲಿಮೀಟರ್‌ಗೆ ಸಾಗುತ್ತಿದೆ, 2024ರ ಸೆಪ್ಟೆಂಬರ್‌ನಲ್ಲಿ ಇನ್ಫಿನಿಯನ್ 300 ಮಿಲಿಮೀಟರ್ ಗ್ಯಾನ್ ತಟ್ಟೆ ತೋರಿಸಿತು. ಇನ್ನೊಂದೆಡೆ ತೈವಾನಿನ ಚಿಪ್ ತಯಾರಕ ಟಿಎಸ್‌ಎಂಸಿ 2027ರ ಹೊತ್ತಿಗೆ ಗ್ಯಾನ್ ತಯಾರಿಕೆಯಿಂದ ಹೊರಬರುವುದಾಗಿ 2025ರಲ್ಲಿ ತಿಳಿದುಬಂತು. ಸಿಲಿಕಾನ್ ಮಾಸ್‌ಫೆಟ್‌ಗೆ ಹತ್ತು ತಯಾರಕರ ಬದಲಿ ಸಿಗುತ್ತದೆ. ಗ್ಯಾನ್‌ಗೆ ಪಾದಗಳ ಜೋಡಣೆ, ಗೇಟ್ ವೋಲ್ಟೇಜ್, ಒಳಡ್ರೈವರ್ ಎಲ್ಲವೂ ತಯಾರಕರಿಂದ ತಯಾರಕರಿಗೆ ಬೇರೆ. ಆದ್ದರಿಂದ ಸ್ವಿಚ್, ಡ್ರೈವರ್ ಮತ್ತು ಅವುಗಳ ಕೆಪಾಸಿಟರ್‌ಗಳನ್ನು ಮುಖ್ಯ ಬೋರ್ಡಿನಿಂದ ಬೇರ್ಪಡಿಸಿ ಪುಟ್ಟ ಡಾಟರ್‌ಬೋರ್ಡಿನ (ಮುಖ್ಯ ಬೋರ್ಡಿಗೆ ಕೂರಿಸುವ ಉಪಬೋರ್ಡ್) ಮೇಲೆ ಕಟ್ಟಿ. ಗೇಟ್ ಪೂರೈಕೆಯನ್ನು ರೆಸಿಸ್ಟರ್ ಬದಲಿಸಿ ಹೊಂದಿಸುವಂತೆ ಇಡಿ. ಎರಡನೇ ತಯಾರಕರ ಭಾಗಕ್ಕೂ ಮೊದಲ ದಿನವೇ ಒಂದು ಡಾಟರ್‌ಬೋರ್ಡ್ ಮಾಡಿಸಿ, ಅದೇ ಡಬಲ್ ಪಲ್ಸ್ ಪರೀಕ್ಷೆಯಲ್ಲಿ ಪಕ್ಕಪಕ್ಕದಲ್ಲಿ ಅಳೆದಿಡಿ.